ಒಂದೇ ಹೆಸರು, ಮೂರು ಸ್ಪೆಲ್ಲಿಂಗ್: ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ಬಳಸಿ ನೋಡಿದ ಮೇಲೆ

ಮದುವೆಯಾದ ಹೊಸದರಲ್ಲಿ ಸ್ಕಾಟ್‌ಲ್ಯಾಂಡ್‌ನಲ್ಲಿರುವ ಮಾವನ ಮನೆಯ ಬಾಗಿಲ ಮೇಲಿದ್ದ ಹೆಸರನ್ನು ನಾನು ಜೋರಾಗಿ ಓದಿದ್ದೆ. ‘ಡಾಲ್ಜಿಯೆಲ್’. ಅತ್ತೆ ಮೆಲ್ಲಗೆ ತಿದ್ದಿದರು: ‘ಡಿಯೆಲ್.’ ನಾನು ಮತ್ತೆ ಬಾಗಿಲು ನೋಡಿದೆ. ಡಿ, ಎ, ಎಲ್, ಜೆಡ್, ಐ, ಇ, ಎಲ್. ಏಳು ಅಕ್ಷರ. ಅದರಲ್ಲಿ ಬಾಯಿಗೆ ಬರುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಆ ಜೆಡ್ ನಿಜವಾಗಿ ಜೆಡ್ ಅಲ್ಲ. ಹಳೆಯ ಸ್ಕಾಟ್ಸ್ ಬರಹದಲ್ಲಿ ‘ಯೋಖ್’ ಅಂತ ಒಂದು ಅಕ್ಷರ ಇತ್ತು. ನೋಡೋಕೆ ಇಂಗ್ಲಿಷ್ ಅಂಕಿ 3ರ ಹಾಗೆ, ಬಾಲ ಕೆಳಗೆ ಇಳಿದಿರುತ್ತಿತ್ತು. ಉಚ್ಚಾರ ಹೆಚ್ಚುಕಡಿಮೆ ನಮ್ಮ ‘ಯ’. ಎಡಿನ್‌ಬರಾದಲ್ಲಿ 1508ರಲ್ಲಿ ಅಚ್ಚಿನ ಕೆಲಸ ಶುರುವಾಯಿತು. ಅಚ್ಚಿನ ಮೊಳೆಗಳಲ್ಲಿ ಯೋಖ್ ಇಲ್ಲದ ಕಡೆ, ನೋಡೋಕೆ ಹತ್ತಿರ ಇದ್ದ ಜೆಡ್ ಬಂದು ಕೂತಿತು. ಅಕ್ಷರ ಬದಲಾಯಿತು, ಬಾಯಿ ಬದಲಾಗಲಿಲ್ಲ. ‘ಮೆನ್ಜೀಸ್’ ಅಂತ ಕಾಣುವ ಹೆಸರನ್ನು ಹಳೆಯ ಜನ ‘ಮಿಂಗಿಸ್’ ಅನ್ನುವುದೂ, ‘ಕಲ್ಜೀನ್’ ಅಂತ ಕಾಣುವ ಕೋಟೆಯನ್ನು ‘ಕಲೇನ್’ ಅನ್ನುವುದೂ ಇದೇ ಕಾರಣಕ್ಕೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಮಾವನ ಕಡೆ ಈ ಹೆಸರಿನ ಮೇಲೆ ಒಂದು ಹಳೆಯ ನೋವಿದೆ. ಮಾವ ‘ಡಾಲ್ಜಿಯೆಲ್’ ಅಂತ ಬರೆಯುತ್ತಾರೆ. ವಿಶಾ ಊರಿನಲ್ಲಿರುವ ಅವರ ದಾಯಾದಿಗಳು ಕೊನೆಯಲ್ಲಿ ‘ಐ’ ಬಿಟ್ಟು, ಎರಡು ಎಲ್ ಹಾಕಿ ‘ಡಾಲ್ಜೆಲ್’ ಅಂತ ಬರೆಯುತ್ತಾರೆ. ಮಾವನ ತಾತ ಮತ್ತು ತಾತನ ಅಣ್ಣ ಜಗಳವಾಡಿದರಂತೆ. ಅಣ್ಣ ಸಿಟ್ಟಿನಲ್ಲಿ ಹೆಸರನ್ನೇ ಬದಲಿಸಿಕೊಂಡನಂತೆ. ಎರಡೂ ಮನೆಯಲ್ಲಿ ಇದೇ ಕಥೆ. ಯಾರು ತಪ್ಪು ಮಾಡಿದರು ಅನ್ನುವುದು ಮಾತ್ರ ಆ ಮನೆಗೂ ಈ ಮನೆಗೂ ಬೇರೆ. ಹತ್ತಿಪ್ಪತ್ತು ಮೈಲಿ ಒಳಗೇ ಇದ್ದರೂ ಸಾವಿನ ಮನೆಗೂ ಹೋಗಿ ಬರುವುದಿಲ್ಲ. ಮಾವನಿಗೆ ಎಂಬತ್ತು ದಾಟಿದೆ. ‘ನಾನು ಹೋಗೋದರೊಳಗೆ ಇದು ನಿಜವೋ ಸುಳ್ಳೋ ತಿಳಿಯಬೇಕು’ ಅಂದರು. ಹಾಗಾಗಿ ಕೂತೆ.

ನಾನು ಬಳಸಿದ್ದು ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ವೆಬ್‌ಸೈಟ್. ಇದನ್ನು ನಡೆಸುವುದು ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್‌ಲ್ಯಾಂಡ್, ಅಂದರೆ ಅಲ್ಲಿನ ಸರ್ಕಾರದ ದಾಖಲೆ ಇಲಾಖೆ. ಸ್ಕಾಟ್‌ಲ್ಯಾಂಡ್‌ನಲ್ಲಿ ಜನನ, ಮದುವೆ, ಮರಣ ಕಡ್ಡಾಯವಾಗಿ ನೋಂದಣಿ ಆಗತೊಡಗಿದ್ದು 1855ರ ಜನವರಿ 1ರಿಂದ. ಅದಕ್ಕೂ ಹಿಂದಿನದು ಚರ್ಚಿನ ಪ್ಯಾರಿಷ್ ಪುಸ್ತಕಗಳು. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ವಲಯ. ಅವುಗಳಲ್ಲಿ ತೀರಾ ಹಳೆಯದು 1553ರದ್ದು, ಪರ್ತ್‌ಶೈರ್‌ನ ಎರಲ್ ಅನ್ನುವ ಊರಿನದು. ಜನಗಣತಿ 1841ರಿಂದ 1921ರವರೆಗೆ ಸಿಗುತ್ತದೆ. ಎಲ್ಲವೂ ಒಂದೇ ಕಡೆ.

ಹಣದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಖಾತೆ ತೆರೆಯುವುದು, ಹೆಸರು ಹಾಕಿ ಹುಡುಕುವುದು, ಎಲ್ಲ ಪುಕ್ಕಟೆ. ಹೆಸರು, ವರ್ಷ, ಊರು ಇರುವ ಪಟ್ಟಿ ಬರುತ್ತದೆ. ಮೂಲ ಪುಟದ ಚಿತ್ರ ನೋಡಬೇಕಾದರೆ ಕ್ರೆಡಿಟ್ ಬೇಕು. ನಾನು ಕೊಂಡಾಗ 30 ಕ್ರೆಡಿಟ್‌ಗೆ ಏಳೂವರೆ ಪೌಂಡ್. ಹಳೆಯ ಜನನದ ಒಂದು ಪುಟಕ್ಕೆ 6 ಕ್ರೆಡಿಟ್, ಅಂದರೆ ಒಂದೂವರೆ ಪೌಂಡ್. ಕ್ರೆಡಿಟ್ ಎರಡು ವರ್ಷ ಇರುತ್ತದೆ. ಒಮ್ಮೆ ಕೊಂಡ ಪುಟ ನಮ್ಮ ಖಾತೆಯಲ್ಲೇ ಉಳಿಯುತ್ತದೆ, ಮತ್ತೆ ನೋಡೋಕೆ ದುಡ್ಡು ಕೊಡಬೇಕಿಲ್ಲ. ತಿಂಗಳ ಚಂದಾ ಇಲ್ಲದ್ದು ನನಗೆ ದೊಡ್ಡ ಸಮಾಧಾನ. ಮಕ್ಕಳಿಗೆ ಪರೀಕ್ಷೆ ಇದ್ದಾಗ ಎರಡು ತಿಂಗಳು ಮುಟ್ಟಲೇ ಇಲ್ಲ, ಏನೂ ನಷ್ಟ ಆಗಲಿಲ್ಲ.

ಮೊದಲು ಮಾವ ಬರೆಯುವ ಹಾಗೆಯೇ ಹೆಸರು ಹಾಕಿ ಹುಡುಕಿದೆ. ಡಾಲ್ಜಿಯೆಲ್ ಅನ್ನುವುದು ಲ್ಯಾನರ್ಕ್‌ಶೈರ್‌ನಲ್ಲಿ ಒಂದು ಪ್ಯಾರಿಷ್‌ನ ಹೆಸರೂ ಹೌದು, ಮದರ್‌ವೆಲ್ ಇರುವುದು ಅದರಲ್ಲೇ. ಅಲ್ಲಿ 1863ರ ಒಂದು ಜನನ ಸಿಕ್ಕಿತು. ತಂದೆ ಕಲ್ಲಿದ್ದಲು ಗಣಿಯ ಕೂಲಿ. ತಾಯಿಯ ತವರಿನ ಹೆಸರು ಲಾಕ್‌ಹಾರ್ಟ್. ಮಾವನ ತಾತನ ಮದುವೆ ದಾಖಲೆಯಲ್ಲಿ ಇದ್ದ ತಂದೆ ತಾಯಿಯೂ ಇವರೇ. ಇದು ಎಲ್ಲರಿಗಿಂತ ದೊಡ್ಡ ಅಣ್ಣ ಅಂತ ಗೊತ್ತಾಯಿತು.

ಸ್ಕಾಟ್‌ಲ್ಯಾಂಡ್‌ನ ದಾಖಲೆಯಲ್ಲಿ ಒಂದು ಒಳ್ಳೆಯ ಗುಣ ಇದೆ. ಹೆಂಗಸರ ತವರಿನ ಹೆಸರನ್ನು ಅವರು ಕೈಬಿಡುವುದಿಲ್ಲ. ಜನನದ ಪುಟದಲ್ಲಿ ಇರುತ್ತದೆ. ಮದುವೆಯ ಪುಟದಲ್ಲಿ ಹುಡುಗ ಹುಡುಗಿ ಇಬ್ಬರ ತಾಯಂದಿರದೂ ಇರುತ್ತದೆ. ಮರಣದ ಪುಟದಲ್ಲಿ ಸತ್ತವರ ತಾಯಿಯದೂ ಇರುತ್ತದೆ. ಗಂಡನ ಹೆಸರು ಹೇಗೆ ಬೇಕಾದರೂ ತಿರುಚಿ ಹೋಗಲಿ, ಹೆಂಡತಿಯ ಹೆಸರು ಹಿಡಿದುಕೊಂಡರೆ ದಾರಿ ತಪ್ಪುವುದಿಲ್ಲ. ನನ್ನ ಹುಡುಕಾಟ ಪೂರ್ತಿ ನಿಂತಿದ್ದು ಈ ಲಾಕ್‌ಹಾರ್ಟ್ ಅಜ್ಜಿಯ ಮೇಲೆ.

ಇನ್ನೊಂದು ಗುಣವೂ ಇದೆ. 1861ರಿಂದ ಮುಂದಿನ ಜನನದ ಪುಟದಲ್ಲಿ ತಂದೆ ತಾಯಿ ಯಾವತ್ತು, ಎಲ್ಲಿ ಮದುವೆಯಾದರು ಅಂತಲೂ ಬರೆದಿರುತ್ತಾರೆ. 1855ರಲ್ಲಿ ಇನ್ನೂ ಜಾಸ್ತಿ ವಿವರ ಕೇಳುತ್ತಿದ್ದರು. ಬರೆಯೋರಿಗೆ ಭಾರವಾಗಿ ಮುಂದಿನ ವರ್ಷವೇ ಕಡಿಮೆ ಮಾಡಿದರು. ಮದುವೆಯ ದಿನಾಂಕ ಆಗ ಬಿಟ್ಟುಹೋಗಿದ್ದು 1861ರಲ್ಲಿ ವಾಪಸ್ ಬಂತು. ನಮ್ಮ 1863ರ ಪುಟದಲ್ಲಿ ಇದ್ದದ್ದು: 1861 ಡಿಸೆಂಬರ್ 31, ಕೇಂಬಸ್‌ನೇಥನ್. ಇದನ್ನು ನೋಟ್‌ಬುಕ್‌ನ ಮೇಲ್ತುದಿಯಲ್ಲಿ ದಪ್ಪಗೆ ಬರೆದುಕೊಂಡೆ.

ಹುಡುಕುವ ಪುಟದಲ್ಲಿ ಸರ್‌ನೇಮ್ ಪಕ್ಕದಲ್ಲೇ ಆಯ್ಕೆಗಳಿವೆ. ಬರೆದ ಹಾಗೆಯೇ ಹುಡುಕು, ಇದೇ ಅಕ್ಷರಗಳಿಂದ ಶುರುವಾಗುವುದನ್ನು ಹುಡುಕು, ಉಚ್ಚಾರ ಹೋಲುವುದನ್ನು ಹುಡುಕು, ಸೌಂಡೆಕ್ಸ್, ಮತ್ತೆ ನಕ್ಷತ್ರ ಚಿಹ್ನೆ ಹಾಕಿ ಹುಡುಕುವುದು. ಈ ಸೇವೆಯ ಜೀವ ಇರುವುದೇ ಇಲ್ಲಿ. ಸೌಂಡೆಕ್ಸ್ ಅಂದರೆ ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡು, ಉಳಿದ ವ್ಯಂಜನಗಳನ್ನು ಮೂರು ಅಂಕಿಗೆ ಇಳಿಸುವ ಹಳೆಯ ಪದ್ಧತಿ. ಅಮೆರಿಕದಲ್ಲಿ 1918ರಲ್ಲಿ ಪೇಟೆಂಟ್ ಆದದ್ದು. ಅದನ್ನು ಒತ್ತಿದ ತಕ್ಷಣ ಹ್ಯಾಮಿಲ್ಟನ್‌ನಲ್ಲಿ 1866ರ ಒಂದು ಜನನ ಬಂತು. ಹೆಸರು ‘ಡಾಲ್ಜೆಲ್’. ಒಂದೂವರೆ ಪೌಂಡ್ ಕೊಟ್ಟು ಪುಟ ತೆರೆದೆ. ತಾಯಿ ಲಾಕ್‌ಹಾರ್ಟ್. ಮದುವೆ 1861 ಡಿಸೆಂಬರ್ 31, ಕೇಂಬಸ್‌ನೇಥನ್.

ಅಂದರೆ ಜಗಳವಾಡಿ ಹೆಸರು ಬದಲಿಸಿದ ಅಂತ ಹೇಳುವ ಆ ಅಣ್ಣ, ಹುಟ್ಟಿದ ತಿಂಗಳಲ್ಲೇ ಡಾಲ್ಜೆಲ್ ಆಗಿದ್ದ. ಇನ್ನೂ ತೊಟ್ಟಿಲಲ್ಲಿದ್ದ ಕೂಸು!

ಆದರೆ ಮಾವನ ತಾತನೇ ಸಿಗಲಿಲ್ಲ. ಮೂರು ರಾತ್ರಿ ಹುಡುಕಿದೆ. 1871ರ ಜನಗಣತಿಯಲ್ಲಿ ಆ ಸಂಸಾರ ಬಾತ್‌ವೆಲ್‌ನಲ್ಲಿತ್ತು. ಎಂಟು ತಿಂಗಳ ಗಂಡು ಮಗು, ಹುಟ್ಟಿದ್ದು ಬಾತ್‌ವೆಲ್ ಅಂತ ಸ್ಪಷ್ಟವಾಗಿತ್ತು. ಹಾಗಾದರೆ 1870ರ ನೋಂದಣಿ ಇರಲೇಬೇಕು, ಅಲ್ವಾ? ಸೌಂಡೆಕ್ಸ್ ಇಲ್ಲಿ ಕೈಕೊಟ್ಟಿತು. ಯಾಕೆ ಅಂತ ಕಾಗದದ ಮೇಲೆ ಲೆಕ್ಕ ಹಾಕಿದಾಗಲೇ ತಿಳಿದದ್ದು. ಡಾಲ್ಜಿಯೆಲ್, ಡಾಲ್ಜೆಲ್ ಎರಡಕ್ಕೂ ಅದು ಕೊಡುವ ಗುರುತು ಡಿ-424. ಎಲ್‌ಗೆ 4, ಜೆಡ್‌ಗೆ 2, ಮತ್ತೆ ಎಲ್‌ಗೆ 4. ಜೆಡ್ ಬದಲು ವೈ ಬರೆದರೆ ಆ 2 ಬಿದ್ದುಹೋಗಿ ಡಿ-440 ಆಗುತ್ತದೆ. ಮೊದಲ ಎಲ್ ಕೂಡ ಬಿಟ್ಟರೆ ಡಿ-400. ಬಾಯಲ್ಲಿ ಒಂದೇ ಆಗಿರುವ ಹೆಸರು ಈ ಲೆಕ್ಕದಲ್ಲಿ ಮೂರು ಬೇರೆ ಬೇರೆ ಹೆಸರು. ಸ್ಕಾಟ್‌ಲ್ಯಾಂಡ್‌ನ ಮೂಕ ಅಕ್ಷರಗಳು ಸೌಂಡೆಕ್ಸ್‌ಗೆ ಗೊತ್ತಿಲ್ಲ. ‘ಕಹೂನ್’ ಅಂತ ಕರೆಸಿಕೊಳ್ಳುವವರ ಹೆಸರಿನೊಳಗೆ ಎಲ್ ಮತ್ತೆ ಕ್ಯೂ ಎರಡೂ ಇವೆ. ಅವರ ಮನೆಯವರಿಗೂ ಇದೇ ಪಾಡು.

ಕೊನೆಗೆ ನಕ್ಷತ್ರಕ್ಕೆ ಬಂದೆ. ಡಿ, ನಕ್ಷತ್ರ, ಎಲ್, ನಕ್ಷತ್ರ. ಅಂದರೆ ಡಿ ಅಕ್ಷರದಿಂದ ಶುರುವಾಗಿ ಎಲ್ಲೋ ಒಂದು ಎಲ್ ಇರುವ ಯಾವ ಹೆಸರಾದರೂ ಸರಿ. ಮಗುವಿನ ಮೊದಲ ಹೆಸರು ಹಾಕಿ, 1870ಕ್ಕೆ, ಬಾತ್‌ವೆಲ್‌ಗೆ ಕಟ್ಟುನಿಟ್ಟು ಮಾಡಿದೆ. ಡೊನಾಲ್ಡ್‌ಸನ್ ಬಂತು, ಡಗ್ಲಸ್ ಬಂತು, ಡಾಯ್ಲ್ ಬಂತು. ಪಟ್ಟಿಯ ತಳದಲ್ಲಿ ಐದೇ ಅಕ್ಷರದ ಒಂದು ಹೆಸರು. ಡಿ, ವೈ, ಇ, ಎಲ್, ಎಲ್. ರಾತ್ರಿ ಹನ್ನೊಂದು ಗಂಟೆ. ಅಡುಗೆಮನೆ ಮೇಜಿನ ಹತ್ತಿರ ಒಬ್ಬಳೇ ಇದ್ದೆ. ಬಾಯಿಬಿಟ್ಟು ಓದಿದೆ: ‘ಡಿಯೆಲ್.’ ಇಪ್ಪತ್ತು ವರ್ಷದ ಹಿಂದೆ ಅತ್ತೆ ಹೇಳಿಕೊಟ್ಟ ಹಾಗೆಯೇ.

ಪುಟ ತೆರೆದೆ. ಈ ರಿಜಿಸ್ಟರ್‌ನಲ್ಲಿ ಒಂದು ಪುಟಕ್ಕೆ ಮೂರು ಜನನ. ನಮ್ಮದು ಕೆಳಗಿನದು. ಕಂದು ಬಣ್ಣಕ್ಕೆ ತಿರುಗಿದ ಶಾಯಿ, ವೈ ಅಕ್ಷರದ ಬಾಲ ಕೆಳಗಿನ ಗೆರೆ ದಾಟಿ ಇಳಿದಿದೆ. ಲಾಕ್‌ಹಾರ್ಟ್. 1861 ಡಿಸೆಂಬರ್ 31. ಕೇಂಬಸ್‌ನೇಥನ್. ಆಮೇಲೆ ಮಾಹಿತಿ ಕೊಟ್ಟವರು ಸಹಿ ಹಾಕುವ ಅಂಕಣ ನೋಡಿದೆ. ಅಲ್ಲಿ ಸಹಿ ಇರಲಿಲ್ಲ. ಒಂದು ಎಕ್ಸ್ ಇತ್ತು. ಎರಡು ಗೀಟು, ಒಂದು ಇನ್ನೊಂದಕ್ಕಿಂತ ಉದ್ದ, ಪೆನ್ನು ಒತ್ತಿದ ಕಡೆ ಶಾಯಿ ಗುಡ್ಡೆಯಾಗಿದೆ. ಪಕ್ಕದಲ್ಲಿ ‘ಆತನ ಗುರುತು’ ಅಂತ ರಿಜಿಸ್ಟ್ರಾರ್ ಬರೆದು ಸಾಕ್ಷಿ ಹಾಕಿದ್ದಾರೆ.

ಹಳೆಯ ಎರಡು ಪುಟಗಳನ್ನೂ ತೆರೆದೆ. ತಂದೆ ತಾಯಿಯ ಹೆಸರು ನೋಡುವ ಅವಸರದಲ್ಲಿ ಆ ಅಂಕಣ ಗಮನಿಸಿರಲೇ ಇಲ್ಲ. ಎರಡರಲ್ಲೂ ಎಕ್ಸ್.

ಆ ಮನುಷ್ಯನಿಗೆ ಬರೆಯೋಕೆ ಬರುತ್ತಿರಲಿಲ್ಲ. ಗಣಿಯಿಂದ ಗಣಿಗೆ ಊರು ಬದಲಿಸಿದ. ಪ್ರತಿ ಊರಿನ ರಿಜಿಸ್ಟ್ರಾರ್ ಹತ್ತಿರ ಹೋಗಿ ತನ್ನ ಹೆಸರನ್ನು ಬಾಯಲ್ಲಿ ಹೇಳಿದ. ಮೂರು ಜನ ತಮ್ಮ ತಮ್ಮ ಕಿವಿಗೆ ಬಿದ್ದ ಹಾಗೆ ಬರೆದರು. ಅವನು ಹೇಳಿದ್ದು ಮಾತ್ರ ಮೂರು ಸಲವೂ ಒಂದೇ. ನೋಟ್‌ಬುಕ್‌ನಲ್ಲಿ ನಾನು ಮೂರೂ ಹೆಸರನ್ನು, ಮನೆಯಲ್ಲಿ ಕರೆಯುವ ಹಾಗೆ, ಕನ್ನಡದಲ್ಲಿ ಒಂದರ ಕೆಳಗೊಂದು ಬರೆದೆ. ಡಿಯೆಲ್. ಡಿಯೆಲ್. ಡಿಯೆಲ್. ಕಣ್ಣು ತುಂಬಿ ಬಂತು.

ಮಕ್ಕಳ ಹೆಸರು ಆಮೇಲೆ ಯಾಕೆ ಬೇರೆ ಬೇರೆಯಾಗಿ ಗಟ್ಟಿಯಾಯಿತು? ಸ್ಕಾಟ್‌ಲ್ಯಾಂಡ್‌ನಲ್ಲಿ 1872ರ ಕಾಯ್ದೆಯಿಂದ 5ರಿಂದ 13 ವರ್ಷದ ಮಕ್ಕಳಿಗೆ ಶಾಲೆ ಕಡ್ಡಾಯವಾಯಿತು. ಆಗ ಒಬ್ಬನಿಗೆ ಒಂಬತ್ತು ವರ್ಷ, ಒಬ್ಬನಿಗೆ ಆರು, ಒಬ್ಬನಿಗೆ ಎರಡು. ಯಾವ ಶಾಲೆಯಲ್ಲಿ ಯಾವ ಮೇಷ್ಟ್ರು ಹೇಗೆ ಬರೆದುಕೊಟ್ಟರೋ ಹಾಗೆ ಕಲಿತಿರಬೇಕು ಅನ್ನುವುದು ನನ್ನ ಲೆಕ್ಕ. ಜಗಳ ಬೇಕಾದರೆ ಆಗಿರಲಿ. ಆದರೆ ಸ್ಪೆಲ್ಲಿಂಗ್‌ಗೂ ಅದಕ್ಕೂ ಸಂಬಂಧ ಇಲ್ಲ.

ಇಂಥ ಹೆಸರು ಹುಡುಕುವವರಿಗೆ ನಾನು ಹೇಳುವುದು ಇಷ್ಟೇ: ಕಣ್ಣಿಗಿಂತ ಕಿವಿ ನಂಬಿ. ಮನೆಯ ಹಿರಿಯರ ಬಾಯಲ್ಲಿ ಹೆಸರು ಹೇಗಿದೆ ಅಂತ ಮೊದಲು ಕೇಳಿ, ಆಮೇಲೆ ಹುಡುಕಿ. ‘ಮ್ಯಾಕ್’ ಇರುವವರಂತೂ ಪೂರ್ತಿ ಬರೆದದ್ದು, ಬರೀ ಎಂ-ಸಿ ಬರೆದದ್ದು, ಎಂ ಪಕ್ಕ ಮೇಲೆ ಅಲ್ಪವಿರಾಮದಂಥ ಒಂದು ಗುರುತು ಹಾಕಿದ್ದು, ಎಲ್ಲವನ್ನೂ ನೋಡಲೇಬೇಕು. ‘ಮ್ಯಾಕ್’ ಅಂದರೆ ಸ್ಕಾಟಿಷ್, ಎಂ-ಸಿ ಅಂದರೆ ಐರಿಷ್ ಅನ್ನುವ ಮಾತು ಸುಮ್ನೆ. ಎರಡೂ ಗೇಲಿಕ್‌ನ ‘ಮಗ’ ಅನ್ನುವ ಒಂದೇ ಪದ, ಗುಮಾಸ್ತ ಬರೆದುಕೊಂಡದ್ದರಲ್ಲಿ ಮಾತ್ರ ವ್ಯತ್ಯಾಸ. ಕೆಲವು ಮನೆತನಕ್ಕೆ ಕಿವಿಯೂ ಸಾಲದು. ಮೆಕ್‌ಗ್ರೆಗರ್ ಅನ್ನುವ ಹೆಸರನ್ನೇ 1603ರಲ್ಲಿ ನಿಷೇಧಿಸಿದ್ದರು. ಮಧ್ಯೆ ಸ್ವಲ್ಪ ಕಾಲ ಬಿಟ್ಟು, 1693ರಲ್ಲಿ ಮತ್ತೆ ಹೇರಿ, ಕೊನೆಗೆ ತೆಗೆದದ್ದು 1774ರಲ್ಲಿ. ಆ ಜನ ಕ್ಯಾಂಪ್‌ಬೆಲ್, ಗ್ರಾಂಟ್, ಡ್ರಮಂಡ್, ಮರ್ರಿ ಅಂತೆಲ್ಲ ಹೆಸರು ಹೊತ್ತುಕೊಂಡು ಬದುಕಿದರು. ಅವರಿಗೆ ನಕ್ಷತ್ರ ಚಿಹ್ನೆ ಏನೂ ಮಾಡಲಾರದು. ಊರು, ಜಮೀನು, ಹೆಂಡತಿಯ ತವರು ಹಿಡಿದೇ ಹೋಗಬೇಕು.

ಮಾವನಿಗೆ ಪುಟಗಳನ್ನು ಫೋನಿನಲ್ಲಿ ಕಳಿಸಬಹುದಿತ್ತು. ಮನಸ್ಸು ಬರಲಿಲ್ಲ. ಎಡಿನ್‌ಬರಾದ ಸ್ಕಾಟ್‌ಲ್ಯಾಂಡ್ಸ್‌ಪೀಪಲ್ ಸೆಂಟರ್‌ನಲ್ಲಿ ಮುಂಚಿತವಾಗಿ ಇಬ್ಬರಿಗೂ ಜಾಗ ಕಾದಿರಿಸಿದೆ. ಒಬ್ಬರಿಗೆ ದಿನಕ್ಕೆ 15 ಪೌಂಡ್. ದಿನವಿಡೀ ಎಷ್ಟು ಪುಟ ಬೇಕಾದರೂ ನೋಡಬಹುದು. ಮನೆಯಲ್ಲಿ ಕೂತು ಹತ್ತು ಪುಟ ನೋಡುವ ದುಡ್ಡು ಅದು. ಹತ್ತಕ್ಕಿಂತ ಜಾಸ್ತಿ ಪುಟ ನೋಡಬೇಕಾದವರು ಖಂಡಿತ ಅಲ್ಲಿಗೇ ಹೋಗಿ. ಇನ್ನೊಂದು ಲಾಭ ಇದೆ. ಮನೆಯಿಂದ ನೋಡುವಾಗ ಜನನಕ್ಕೆ 100 ವರ್ಷ, ಮದುವೆಗೆ 75, ಮರಣಕ್ಕೆ 50 ವರ್ಷ ದಾಟಿದ ಪುಟಗಳ ಚಿತ್ರ ಮಾತ್ರ ಕಾಣುತ್ತದೆ. ಸೆಂಟರ್‌ನಲ್ಲಿ ಈಚಿನವನ್ನೂ ನೋಡಬಹುದು.

ಮಾವ ಮದರ್‌ವೆಲ್‌ನಿಂದ ರೈಲಿನಲ್ಲಿ ವೇವರ್ಲಿ ನಿಲ್ದಾಣಕ್ಕೆ ಬಂದರು. ಮೆಟ್ಟಿಲು ಹತ್ತಿ ಮೇಲೆ ಬಂದರೆ ಬಾಲ್ಮೋರಲ್ ಹೋಟೆಲಿನ ಗಡಿಯಾರ. ರೈಲು ತಪ್ಪಬಾರದು ಅಂತ ಅದನ್ನು ಮೂರು ನಿಮಿಷ ಮುಂದೆ ಇಟ್ಟಿರುತ್ತಾರೆ. ರಸ್ತೆ ದಾಟಿದರೆ ಕುದುರೆ ಮೇಲೆ ಕೂತ ವೆಲಿಂಗ್ಟನ್ ಪ್ರತಿಮೆ, ಅದರ ಹಿಂದೆ ಜನರಲ್ ರಿಜಿಸ್ಟರ್ ಹೌಸ್. ರಾಬರ್ಟ್ ಆಡಂ ವಿನ್ಯಾಸ ಮಾಡಿದ ಕಟ್ಟಡ, 1774ರಲ್ಲಿ ಅಡಿಗಲ್ಲು ಹಾಕಿದ್ದು. ಒಳಗೆ ದೊಡ್ಡ ಗುಮ್ಮಟ. ಸುತ್ತಲೂ ಗೋಡೆ ತುಂಬ ದಾಖಲೆ ಪುಸ್ತಕ, ಮೇಲಿನಿಂದ ಬೆಳಕು. ಮಾವ ಟೋಪಿ ತೆಗೆದು ಸ್ವಲ್ಪ ಹೊತ್ತು ತಲೆ ಎತ್ತಿ ನಿಂತರು.

ಹಿಂದಿನ ಕಟ್ಟಡದಲ್ಲೇ ಲಾರ್ಡ್ ಲಯನ್ ನ್ಯಾಯಾಲಯ ಇದೆ. ಸ್ಕಾಟ್‌ಲ್ಯಾಂಡ್‌ನಲ್ಲಿ ಲಾಂಛನಗಳ ವಿಷಯ ಅವರದ್ದು. ಅದನ್ನು ತೋರಿಸಿದಾಗ ಮಾವ ಮುಖ ಸಪ್ಪಗೆ ಮಾಡಿದರು. ಕೆಲವು ವರ್ಷದ ಹಿಂದೆ ಪ್ರವಾಸಿಗರ ಅಂಗಡಿಯೊಂದರಲ್ಲಿ ‘ನಿಮ್ಮ ಮನೆತನದ ಲಾಂಛನ’ ಅಂತ ಚೌಕಟ್ಟು ಹಾಕಿದ್ದನ್ನು ಅವರಿಗೆ ಮಾರಿದ್ದರು. ಕೈ ಚಾಚಿ ನಿಂತ ಬತ್ತಲೆ ಮನುಷ್ಯನ ಚಿತ್ರ. ಅದು ಡಾಲ್ಜೆಲ್ ದೊರೆಗಳ ಲಾಂಛನವೇನೋ ನಿಜ. ಆದರೆ ಸ್ಕಾಟ್‌ಲ್ಯಾಂಡ್‌ನ ಕಾನೂನಿನಲ್ಲಿ ಲಾಂಛನ ಒಬ್ಬ ವ್ಯಕ್ತಿಯದು. ಆ ಸರ್‌ನೇಮ್ ಇದ್ದ ಮಾತ್ರಕ್ಕೆ ಎಲ್ಲರದ್ದೂ ಆಗುವುದಿಲ್ಲ. ಅಂಗಡಿಯವರು ಆ ಮಾತು ಹೇಳಿರಲಿಲ್ಲ. ಇಂಥದ್ದಕ್ಕೆ ದುಡ್ಡು ಹಾಕುವ ಮೊದಲು ಒಂದೂವರೆ ಪೌಂಡ್‌ನ ಒಂದು ಪುಟ ತೆರೆದು ನೋಡಿ ಅಂತ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ.

ಆ ದಿನ ನೋಡಿದ್ದರಲ್ಲಿ ಮುಖ್ಯವಾದದ್ದು ಮುತ್ತಾತನ ಮರಣ. 1879, ಗಣಿಯಲ್ಲಿ. ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ತಿದ್ದುಪಡಿ ರಿಜಿಸ್ಟರ್‌ನ ಸಂಖ್ಯೆ ಇತ್ತು. ಅಂಚಿನಲ್ಲಿ ಹೀಗೆ ಏನಾದರೂ ಕಂಡರೆ ಬಿಡಬೇಡಿ. ಆಕಸ್ಮಿಕ ಸಾವಾದರೆ ಪ್ರೊಕ್ಯುರೇಟರ್ ಫಿಸ್ಕಲ್ ಅನ್ನುವ ಅಧಿಕಾರಿ ವಿಚಾರಣೆ ಮಾಡಿ ಕಳಿಸಿದ ವಿವರ ಆ ಇನ್ನೊಂದು ರಿಜಿಸ್ಟರ್‌ನಲ್ಲಿರುತ್ತದೆ. ಅಲ್ಲಿ ಒಂದೇ ಸಾಲು: ಗಣಿಯ ಚಾವಣಿಯ ಕಲ್ಲು ಬಿದ್ದು. ಮಾವ ಏನೂ ಮಾತಾಡಲಿಲ್ಲ. ನಾನು 1870ರ ಪುಟ ತೆರೆದು, ಎಕ್ಸ್ ಇರುವ ಕಡೆ ದೊಡ್ಡದು ಮಾಡಿ ತೋರಿಸಿದೆ. ಅವರು ಪರದೆಗೆ ಬೆರಳು ತಾಗಿಸಿ, ಉದ್ದದ ಗೀಟನ್ನು ಮೇಲಿನಿಂದ ಕೆಳಕ್ಕೆ ಸವರಿದರು. ‘ಮೂರು ಸಲವೂ ಇದೇನಾ?’ ಅಂತ ಕೇಳಿದರು. ಹೌದು ಅಂದೆ.

ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು, ಸ್ಕಾಟ್‌ಲ್ಯಾಂಡ್‌ನ ಹೆಸರುಗಳಿಗಾಗಿಯೇ ಇರುವ ಜಾಗದಲ್ಲಿ ಮೂಕ ಅಕ್ಷರಗಳನ್ನು ತಿಳಿದಿರುವ ಹುಡುಕಾಟ ಇರಲಿ ಅನ್ನುವ ಆಸೆಯಿಂದ. ಸೌಂಡೆಕ್ಸ್ ಸೋತರೆ ಅಲ್ಲಿಗೇ ಬಿಟ್ಟುಬಿಡುವವರು ಎಷ್ಟೋ ಜನ ಇರಬಹುದು. ನಕ್ಷತ್ರ ಹಾಕಿ ನೋಡಿ, ದಯವಿಟ್ಟು.

ವೇವರ್ಲಿಯಲ್ಲಿ ರೈಲಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಮಾವ ಬೆಂಚಿನ ಮೇಲೆ ಕೂತು ವಿಶಾದ ದಾಯಾದಿಗೆ ಫೋನ್ ಮಾಡಿದರು. ನಾನು ಸ್ವಲ್ಪ ದೂರ ನಿಂತೆ. ತುಂಬ ಹೊತ್ತು ಮಾತಾಡಿದರು. ಆ ರೈಲು ಹೋಯಿತು, ಮುಂದಿನದಕ್ಕೆ ಹತ್ತಿದರು.

ಇನ್ನು 1855ಕ್ಕಿಂತ ಹಿಂದಿನದು ಉಳಿದಿದೆ. ಮುಂದಿನ ತಿಂಗಳು ಗ್ಲಾಸ್ಗೋದ ಮಿಚೆಲ್ ಲೈಬ್ರರಿಯಲ್ಲಿ ಮೂರು ಜಾಗ ಕಾದಿರಿಸಿದ್ದೇನೆ. ಅಲ್ಲಿಯೂ ಇದೇ ದಾಖಲೆಗಳನ್ನು ಕೂತು ನೋಡಬಹುದು. ವಿಶಾದವರಿಗೂ ಮಾವನಿಗೂ ಅದು ಹತ್ತಿರ. ಅವರ ಮನೆಯಲ್ಲಿ ಹಳೆಯ ಬೈಬಲ್ ಇದೆಯಂತೆ, ಮೊದಲ ಪುಟದಲ್ಲಿ ಹುಟ್ಟು ಸಾವು ಬರೆದಿಟ್ಟಿದ್ದಾರಂತೆ. ಅದನ್ನು ಬಟ್ಟೆಯಲ್ಲಿ ಸುತ್ತಿ ತರುತ್ತೇವೆ ಅಂದಿದ್ದಾರೆ. ಅದರಲ್ಲಿ ಹೆಸರನ್ನು ಯಾವ ಸ್ಪೆಲ್ಲಿಂಗ್‌ನಲ್ಲಿ ಬರೆದಿದ್ದಾರೆ ಅಂತ ಮಾವ ಕೇಳಲೇ ಇಲ್ಲ.